ರಸಕ್ಕೆ ಬರಲಿಲ್ಲ, ಕಸಕ್ಕೇ ಬೆಲೆ ಬಂತು

ನಲವತ್ತು ತಿಂಗಳ ಮೇಲಾಯಿತು, ಯಾರ ಅನುದಾನವನ್ನೂ ಮುಟ್ಟದೆ ಹದಿನಾಲ್ಕು ಜನರಿಗೆ ತಿಂಗಳ ಮೊದಲ ದಿನವೇ ಸಂಬಳ ಕೊಡುತ್ತಿದ್ದೇನೆ. ಹಸಿ ಕಸ ಎತ್ತಿ ಗೊಬ್ಬರ ಮಾಡುವ ಕೆಲಸದಲ್ಲಿ ಇದು ದೊಡ್ಡ ಮಾತೋ ಸಣ್ಣ ಮಾತೋ, ಕೈ ಸುಟ್ಟುಕೊಂಡವರಿಗೆ ಗೊತ್ತು. "ಸೇವೆ ಮಾಡುವುದಾದರೆ ಸಂಘ ಕಟ್ಟು, ವ್ಯಾಪಾರ ಮಾಡುವುದಾದರೆ ಬೇರೆ ಏನಾದರೂ ಮಾರು, ಎರಡನ್ನೂ ಒಂದೇ ಗಾಡಿಗೆ ಹೇರಬೇಡ" ಎಂದು ಬುದ್ಧಿ ಹೇಳಿದವರಲ್ಲಿ ನನ್ನ ಲೆಕ್ಕಪರಿಶೋಧಕರೂ ಒಬ್ಬರು. ಈಗ ಅವರ ಕಚೇರಿಯ ಕಸವನ್ನೂ ನಾವೇ ಎತ್ತುತ್ತೇವೆ, ಶುಲ್ಕ ಪಡೆದೇ ಎತ್ತುತ್ತೇವೆ. ಒಂದು ಪೈಸೆ ರಿಯಾಯಿತಿ ಕೊಟ್ಟಿಲ್ಲ.

ರಾಶಿ ಹಾಕುವುದು, ಒಣ ಎಲೆಯ ಪ್ರಮಾಣ, ಇಂಗಾಲ ಮತ್ತು ಸಾರಜನಕದ ಹೊಂದಾಣಿಕೆ ಮೂವತ್ತಕ್ಕೆ ಒಂದರ ಆಸುಪಾಸಿನಲ್ಲಿರಬೇಕು ಎಂಬುದು, ತೇವ ಎಷ್ಟಿರಬೇಕು ಎಂಬುದು ನಿಮಗೆಲ್ಲ ಗೊತ್ತಿರುವುದೇ. ಅದನ್ನು ಬಿಟ್ಟು, ಹಣ ಎಲ್ಲಿ ಸೋರಿತು, ಕೊನೆಗೆ ಎಲ್ಲಿ ನಿಂತಿತು ಎಂಬುದನ್ನಷ್ಟೇ ಬರೆಯುತ್ತೇನೆ.

ಮೊದಲ ವರ್ಷ ನಾನೂ ಎಲ್ಲರಂತೆ ಗೊಬ್ಬರ ಮಾರಲು ಹೊರಟೆ. ಚೀಲದ ಮೇಲೆ 'ಕಸದಿಂದ ರಸ' ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದೆ. ನೂರು ಕಿಲೋ ಹಸಿ ಕಸಕ್ಕೆ ಜರಡಿ ಹಿಡಿದ ಗೊಬ್ಬರ ಹದಿನೆಂಟರಿಂದ ಇಪ್ಪತ್ತು ಕಿಲೋ ಸಿಗುತ್ತಿತ್ತು, ಅದೂ ಐವತ್ತು ದಿನ ಕಾದ ಮೇಲೆ. ಬೇಸಾಯಗಾರರಿಗೆ ಅದು ವರ್ಷದಲ್ಲಿ ಒಂದೆರಡು ತಿಂಗಳು ಮಾತ್ರ ಬೇಕು, ಬೇಕಾದಾಗ ಲೋಡುಗಟ್ಟಲೆ ಬೇಕು. ಕೈತೋಟದವರು ಎರಡು ಕಿಲೋ ಕೇಳುತ್ತಾರೆ. ಎರಡು ಕಿಲೋ ಗೊಬ್ಬರಕ್ಕಿಂತ ಅದನ್ನು ತುಂಬುವ ಚೀಲ, ಮುಟ್ಟಿಸುವ ಗಾಡಿಯ ಖರ್ಚೇ ಹೆಚ್ಚಾಗುತ್ತಿತ್ತು. ಆ ವರ್ಷದ ಖರ್ಚಿನಲ್ಲಿ ಮಾರಾಟದಿಂದ ವಾಪಸು ಬಂದದ್ದು ಕಾಲು ಭಾಗವೂ ಇಲ್ಲ. ಉಳಿದದ್ದನ್ನು ನನ್ನ ಉಳಿತಾಯವೂ ಒಬ್ಬ ದಾನಿಯ ಅನುದಾನವೂ ನುಂಗಿ ಹಾಕಿದವು.

ಕಸವನ್ನು ಮಾತ್ರ ಪುಕ್ಕಟೆ ಎತ್ತುತ್ತಿದ್ದೆವು. ಎತ್ತುತ್ತಿದ್ದೆವು ಏನು, ಬೇಡಿ ತರುತ್ತಿದ್ದೆವು. ಕ್ಯಾಂಟೀನುಗಳವರು, ಹಾಸ್ಟೆಲ್‌ಗಳವರು ಉಪಕಾರ ಮಾಡಿದವರಂತೆ ಡಬ್ಬಿ ಕೊಡುತ್ತಿದ್ದರು. ಅದರಲ್ಲಿ ಪ್ಲಾಸ್ಟಿಕ್, ಒಡೆದ ಗಾಜು, ಬ್ಯಾಟರಿ, ಒಂದು ದಿನ ನೆಲ ಒರೆಸುವ ಕೋಲು ಇಡಿಯಾಗಿ. ಡಬ್ಬಿಯ ತಳದಲ್ಲಿ ನಾಲ್ಕು ಬೆರಳು ಕಪ್ಪು ನೀರು. ಚೀಲದ ಮೇಲೆ ನಾನು ಅಚ್ಚು ಹಾಕಿಸಿದ್ದ ರಸ ಅದೇ ಎಂದು ಹುಡುಗರು ನಗುತ್ತಿದ್ದರು.

ಆಗ ಢಾಕಾದ ವೇಸ್ಟ್ ಕನ್ಸರ್ನ್ ಸಂಸ್ಥೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೆ. 1995ರಲ್ಲಿ ಶುರುವಾದ ಅದು ಬಡಾವಣೆಗಳಲ್ಲೇ ಸಣ್ಣ ಸಣ್ಣ ಗೊಬ್ಬರದ ಅಂಗಳಗಳನ್ನು ನಡೆಸಿ ತೋರಿಸಿತ್ತು. ನಾನು ಅದರ ಅರ್ಧವನ್ನು ಮಾತ್ರ ನಕಲು ಮಾಡಿದೆ. ಮನೆಗಳಿಂದ ಕಸ ಎತ್ತುವುದಕ್ಕೂ ಅವರು ಶುಲ್ಕ ಪಡೆಯುತ್ತಿದ್ದರು, ಗೊಬ್ಬರ ಮಾರಲು ಆಗಲೇ ಮಾರಾಟದ ಜಾಲವಿದ್ದವರ ಕೈ ಹಿಡಿದಿದ್ದರು. ಆ ಸಾಲುಗಳನ್ನು ನಾನು ಓದಿಯೂ ದಾಟಿಕೊಂಡು ಹೋಗಿದ್ದೆ. ಹೊಸಬರು ಓದುವುದೇ ಹೀಗೆ.

ಯಂತ್ರದ ಕಥೆಯನ್ನೂ ಹೇಳಿಬಿಡುತ್ತೇನೆ. ಅದೇ ದಾನಿ 'ಇಪ್ಪತ್ತನಾಲ್ಕು ಗಂಟೆಯಲ್ಲಿ ಗೊಬ್ಬರ' ಕೊಡುವ ವಿದ್ಯುತ್ ಯಂತ್ರವೊಂದನ್ನು ಕೊಡಿಸಿದರು. ಫಲಕ, ರಿಬ್ಬನ್, ಫೋಟೊ ಎಲ್ಲ ಆಯಿತು. ಯಂತ್ರ ಮಾಡುತ್ತಿದ್ದುದು ಬಿಸಿ ಮಾಡಿ ಒಣಗಿಸುವುದಷ್ಟೇ. ಕಂದು ಪುಡಿ ಬರುತ್ತಿತ್ತು, ನೋಡಲು ಚೆಂದ. ನೀರು ಬಿದ್ದ ಎರಡನೆಯ ದಿನ ಅದು ಮತ್ತೆ ಕೊಳೆಯಲು ತೊಡಗಿ ನಾರುತ್ತಿತ್ತು. ಅದನ್ನು ಹಾಕಿದ ಸಸಿಗಳು ಹಳದಿ ತಿರುಗಿದವು, ಮೂರು ಜನ ಗ್ರಾಹಕರು ಹಣ ವಾಪಸು ಕೇಳಿದರು, ಕೊಟ್ಟೆ. ವಿದ್ಯುತ್ ಬಿಲ್ಲು ಇಬ್ಬರ ಸಂಬಳದಷ್ಟು. ಆರೇಳು ತಿಂಗಳು ಸೆಣಸಾಡಿ, ದಾನಿಯ ಮುಖ ಉಳಿಸಲು ಇನ್ನೊಂದು ತಿಂಗಳು ಸುಮ್ಮನೆ ಓಡಿಸಿ, ಕೊಂಡ ಬೆಲೆಯ ಎಂಟನೆಯ ಒಂದು ಭಾಗಕ್ಕೆ ಗುಜರಿಗೆ ಕೊಟ್ಟೆ. ಇವತ್ತು ನಮ್ಮಲ್ಲಿರುವ ದೊಡ್ಡ ಉಪಕರಣವೆಂದರೆ ಒಂದು ಕಬ್ಬಿಣದ ಸರಳು. ಬೆಳಿಗ್ಗೆ ರಾಶಿಯ ಹೊಟ್ಟೆಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ಎಳೆದು, ಬರಿಗೈಯಲ್ಲಿ ಹಿಡಿಯಬೇಕು. ಹಿಡಿಯಲಾರದೆ ಬಿಟ್ಟರೆ ರಾಶಿ ಸರಿಯಾಗಿದೆ. ತಾಪಮಾಪಕ ಇಟ್ಟು ನೋಡಿದಾಗ ಆ ಬಿಸಿ ಐವತ್ತೈದು, ಅರವತ್ತು ಡಿಗ್ರಿ ಇರುತ್ತಿತ್ತು. ರೋಗಾಣು ಸಾಯಲು ಅಷ್ಟು ಸಾಕು, ಮಗುಚುವುದನ್ನು ತಪ್ಪಿಸಬಾರದು ಅಷ್ಟೇ.

ಎರಡನೆಯ ತಪ್ಪು ಇನ್ನೂ ನೋಯುತ್ತದೆ, ಏಕೆಂದರೆ ಅದನ್ನು ಒಳ್ಳೆಯ ಮನಸ್ಸಿನಿಂದ ಮಾಡಿದ್ದೆ. ಕಸ ಆಯುತ್ತಿದ್ದ ಆರು ಜನರನ್ನು ಕೆಲಸಕ್ಕೆ ಕರೆದು, ಕೂಲಿಯ ಬದಲು ಕಂಪನಿಯ ಲಾಭದಲ್ಲಿ ಪಾಲು ಕೊಡುತ್ತೇನೆ, ನೀವೂ ಮಾಲೀಕರೇ ಎಂದೆ. ಲಾಭವೇ ಇಲ್ಲದ ಕಂಪನಿಯಲ್ಲಿ ಪಾಲು! ತಿಂಗಳಿಗೊಂದು ಸಣ್ಣ ಮುಂಗಡ ಕೊಟ್ಟು, ಉಳಿದದ್ದು ವರ್ಷದ ಕೊನೆಗೆ ಎನ್ನುತ್ತಿದ್ದೆ. ನಾಲ್ಕನೆಯ ತಿಂಗಳು ಅವರಲ್ಲಿ ಹಿರಿಯ ಹೆಂಗಸು ಎಲ್ಲರ ಪರವಾಗಿ ಬಂದು ನಿಂತು, "ನಿಮ್ಮ ಕನಸಿನಲ್ಲಿ ನಮಗೆ ಪಾಲು ಬೇಡ, ಮೊದಲ ತಾರೀಖು ಸಂಬಳ ಬೇಕು" ಎಂದರು. ಅವರ ಲೆಕ್ಕ ಸರಿಯಾಗಿತ್ತು. ಒಂಟಿಯಾಗಿ ಆಯ್ದರೆ ಆ ದಿನದ ದುಡ್ಡು ಆ ದಿನವೇ ಕೈಗೆ ಬರುತ್ತಿತ್ತು. ನನ್ನ ಜೊತೆ ಸೇರಿ ಅವರು ನನಗೇ ಸಾಲ ಕೊಟ್ಟಂತಾಗಿತ್ತು. ಆರರಲ್ಲಿ ನಾಲ್ವರು ಬಿಟ್ಟುಹೋದರು. ಆ ಹೆಂಗಸು ಉಳಿದರು, ಈಗ ಮೇಲ್ವಿಚಾರಕರು. ಇವತ್ತಿಗೂ ನನ್ನ ಯಾವ ಹೊಸ ಯೋಜನೆಯನ್ನೂ ಅವರು ಒಂದೇ ಮಾತಿಗೆ ಒಪ್ಪಿದ್ದಿಲ್ಲ.

ತಿರುವು ಬಂದದ್ದು ಗಾಡಿ ಕೆಟ್ಟದ್ದರಿಂದ. ಗೇರ್‌ಬಾಕ್ಸ್ ಹೋಗಿ ಮೂರು ದಿನ ಗಾಡಿ ಹೊರಡಲಿಲ್ಲ. ಮೊದಲ ದಿನ ಸದ್ದಿಲ್ಲ. ಎರಡನೆಯ ದಿನ ಮಧ್ಯಾಹ್ನದಿಂದ ಮೊಬೈಲ್ ಬಡಿದುಕೊಳ್ಳತೊಡಗಿತು. ಆಗ ಕಸ ಕೊಡುತ್ತಿದ್ದವರು ಇಪ್ಪತ್ತೆರಡು, ಮೂರು ದಿನದಲ್ಲಿ ಕರೆ ಮಾಡಿದವರು ಹದಿನೈದು ಜನ. ಗೊಬ್ಬರ ಯಾವಾಗ ಬರುತ್ತದೆ ಎಂದು ಅಲ್ಲಿಯವರೆಗೆ ಒಬ್ಬರೂ ಕರೆ ಮಾಡಿರಲಿಲ್ಲ. ನಾನು ಎರಡು ವರ್ಷ ಚೀಲ ಹೊತ್ತು ಮಾರುತ್ತಿದ್ದ ಸರಕು ಯಾರಿಗೂ ಬೇಕಿರಲಿಲ್ಲ. ಪುಕ್ಕಟೆ ಕೊಡುತ್ತಿದ್ದುದು ಎಲ್ಲರಿಗೂ ಬೇಕಿತ್ತು. ಅವರು ಕೊಳ್ಳುತ್ತಿದ್ದುದು ನಮ್ಮ ಬರುವಿಕೆಯನ್ನು.

ಮುಂದಿನ ತಿಂಗಳು ಎಲ್ಲರಿಗೂ ಶುಲ್ಕದ ಪತ್ರ ಹೋಯಿತು. ಹದಿಮೂರು ಜನ ಬಿಟ್ಟರು, ಒಂಬತ್ತು ಜನ ಉಳಿದರು. ಇದೇ ಕೆಲಸದಲ್ಲಿದ್ದ ಗೆಳೆಯರು ನಕ್ಕರು. ಕಸ ಕೊಡುವವರಿಂದಲೇ ದುಡ್ಡು ಕೇಳುವವನನ್ನು ಅವರು ನೋಡಿರಲಿಲ್ಲವಂತೆ. ಆದರೆ ಆ ಒಂಬತ್ತು ಡಬ್ಬಿಗಳು ಎರಡೇ ವಾರದಲ್ಲಿ ಬೇರೆಯಾದವು. ದುಡ್ಡು ಕೊಟ್ಟವನು ತನ್ನ ಡಬ್ಬಿಯೊಳಗೆ ಒಮ್ಮೆ ಇಣುಕುತ್ತಾನೆ. ಈಗ ನಲವತ್ತೈದರ ಹತ್ತಿರ ಗ್ರಾಹಕರಿದ್ದಾರೆ, ದಿನಕ್ಕೆ ಎರಡೂವರೆ ಟನ್ ಬರುತ್ತದೆ. ಆದಾಯದಲ್ಲಿ ಶುಲ್ಕ ನೂರಕ್ಕೆ ಎಂಬತ್ತು, ಗೊಬ್ಬರ ಹದಿನೈದು, ಉಳಿದದ್ದು ಚಿಲ್ಲರೆ.

ದರದಲ್ಲಿ ಮೂರು ಮೆಟ್ಟಿಲು ಇಟ್ಟಿದ್ದೇನೆ: ಶುದ್ಧ ಹಸಿ ಕಸಕ್ಕೆ ಒಂದು, ಸ್ವಲ್ಪ ಬೆರಕೆಗೆ ಅದರ ಒಂದೂವರೆ ಪಟ್ಟು, ಕಲಸುಮೇಲೋಗರಕ್ಕೆ ಎರಡೂವರೆ ಪಟ್ಟು. ಪ್ರತಿ ಡಬ್ಬಿಗೂ ತೂಕದ ಚೀಟಿ, ಬೆರಕೆಯಿದ್ದರೆ ಫೋಟೊ. ಬೈಗುಳವಿಲ್ಲ, ಉಪದೇಶವಿಲ್ಲ. ಒಪ್ಪಂದದಲ್ಲಿ ಇನ್ನೊಂದು ಷರತ್ತು ಇದೆ, ಜಗಳಗಳಲ್ಲಿ ಮುಕ್ಕಾಲು ಪಾಲನ್ನು ನಿಲ್ಲಿಸಿದ್ದು ಅದೇ. ಅದನ್ನು ಇಲ್ಲಿ ಬರೆಯುವುದಿಲ್ಲ. ರಾಶಿಯ ತಳಕ್ಕೆ ಮೊದಲು ಏನು ಹಾಸುತ್ತೇವೆ ಎಂಬುದನ್ನೂ ಅಷ್ಟೇ. ಅಂಗಳಕ್ಕೆ ಬಂದವರಿಗೆ ವಾಸನೆ ಏಕಿಲ್ಲ ಎಂದು ಆಶ್ಚರ್ಯವಾಗುತ್ತದೆ. ಆಶ್ಚರ್ಯವಾಗಲಿ.

ಚಮಚದ ಗುಟ್ಟನ್ನು ಮಾತ್ರ ಬಿಟ್ಟುಕೊಡುತ್ತೇನೆ. ಜರಡಿ ಹಿಡಿಯುವಾಗ ಸ್ಟೀಲ್ ಚಮಚಗಳು ಸಿಗುತ್ತಿದ್ದವು. ತಟ್ಟೆ ಕೊಡವುವಾಗ ಎಂಜಲಿನ ಜೊತೆ ಡಬ್ಬಿಗೆ ಜಾರಿದವು, ಕೆಲವು ರಾಶಿಯಲ್ಲಿ ಐವತ್ತು ದಿನ ಬೆಂದು ನೀಲಿಗಪ್ಪಾಗಿರುತ್ತಿದ್ದವು. ಹುಡುಗರು ಅವನ್ನು ಗುಜರಿಗೆ ಹಾಕುತ್ತಿದ್ದರು. ಒಮ್ಮೆ ದೊಡ್ಡ ಕ್ಯಾಂಟೀನಿನ ಮ್ಯಾನೇಜರ್ ಶುಲ್ಕ ಜಾಸ್ತಿಯಾಯಿತೆಂದು ಒಪ್ಪಂದ ಮುರಿಯಲು ಕರೆಸಿದರು. ಹೋಗುವ ಮೊದಲು ಆ ತಿಂಗಳು ಅವರ ಡಬ್ಬಿಗಳಲ್ಲಿ ಸಿಕ್ಕ ಚಮಚಗಳನ್ನು ತೊಳೆಸಿ, ರಬ್ಬರ್ ಬ್ಯಾಂಡ್ ಹಾಕಿ, ಅವರ ಮೇಜಿನ ಮೇಲಿಟ್ಟೆ. ನೂರೆಪ್ಪತ್ತರ ಹತ್ತಿರ ಇದ್ದವು. ಅವರು ಚಮಚ ಕಳವಾಗುತ್ತಿದೆ ಎಂದು ಪಾತ್ರೆ ತೊಳೆಯುವವರ ಮೇಲೆ ಅನುಮಾನಪಟ್ಟು, ಸಂಬಳದಲ್ಲಿ ಹಿಡಿದುಕೊಳ್ಳುತ್ತಿದ್ದರಂತೆ. ಆ ಕಡಿತ ಅಂದೇ ನಿಂತಿತು, ನಮ್ಮ ಒಪ್ಪಂದ ಉಳಿಯಿತು. ಅಂದಿನಿಂದ ಎಲ್ಲ ಗ್ರಾಹಕರಿಗೂ ಬಿಲ್ಲಿನ ಜೊತೆ ಚಮಚ ಹೋಗುತ್ತದೆ.

ಹಣವಿದ್ದವರಿಂದ ಪಡೆದು ಇಲ್ಲದವರಿಗೆ ಪುಕ್ಕಟೆ ಮಾಡುವ ಪಾಠವನ್ನು ನಾನು ಕಲಿತದ್ದು ಅರವಿಂದ ಕಣ್ಣಾಸ್ಪತ್ರೆಯ ಇತಿಹಾಸದಿಂದ. ಡಾ. ಗೋವಿಂದಪ್ಪ ವೆಂಕಟಸ್ವಾಮಿ 1976ರಲ್ಲಿ ಮಧುರೆಯಲ್ಲಿ ಹನ್ನೊಂದು ಹಾಸಿಗೆಗಳಿಂದ ಆರಂಭಿಸಿದ ಆಸ್ಪತ್ರೆ ಅದು. ಹಣ ಕೊಡುವ ರೋಗಿಗಳಿಂದ ಬಂದದ್ದು ಕೊಡಲಾರದವರ ಶಸ್ತ್ರಚಿಕಿತ್ಸೆಗೂ ಆಗುತ್ತದೆ. ನಾನು ಅದನ್ನು ತಂದು ಕೆಡಿಸಿದೆ. ನಿಮ್ಮ ಶುಲ್ಕದಲ್ಲಿ ಹತ್ತು ಬಡ ಮನೆಗಳ ಕಸವೂ ಎತ್ತಲ್ಪಡುತ್ತದೆ ಎಂದು ದೊಡ್ಡ ಗ್ರಾಹಕರಿಗೆ ಹೆಮ್ಮೆಯಿಂದ ಹೇಳಿದೆ. ಹಾಗಾದರೆ ಆ ಭಾಗ ಕಡಿಮೆ ಮಾಡಿ, ದಾನ ನಾವೇ ಮಾಡಿಕೊಳ್ಳುತ್ತೇವೆ ಎಂದರು! ಈಗ ದರದೊಳಗೆ ಸೇರಿಸಿ ಬಾಯಿ ಮುಚ್ಚಿಕೊಂಡಿದ್ದೇನೆ. ಆ ಮನೆಗಳಿಂದಲೂ ಹೆಸರಿಗೆ ಸ್ವಲ್ಪ ಪಡೆಯುತ್ತೇವೆ. ಪುಕ್ಕಟೆಯ ಡಬ್ಬಿಯ ಗತಿ ನನಗೆ ಗೊತ್ತಲ್ಲ.

ನಮ್ಮಂಥವರನ್ನು ಕೊಲ್ಲುವುದು ನಷ್ಟಕ್ಕಿಂತ ತಡವಾದ ಪಾವತಿ. ಬಿಲ್ಲು ಕೊಟ್ಟು ಮೂರು ತಿಂಗಳು ಕಾಯಿಸಿದವರಿದ್ದಾರೆ, ಸಂಬಳದ ತಾರೀಖು ಕಾಯುವುದಿಲ್ಲ. ಒಮ್ಮೆ ಆದಾಯದ ಅರ್ಧಕ್ಕಿಂತ ಹೆಚ್ಚು ಒಬ್ಬರೇ ಗ್ರಾಹಕರಿಂದ ಬರುತ್ತಿತ್ತು, ಅವರು ಒಂದು ಸೋಮವಾರ ಇ-ಮೇಲ್‌ನಲ್ಲಿ ನಿಲ್ಲಿಸಿಬಿಟ್ಟರು. ಎರಡು ತಿಂಗಳು ಮನೆಯ ಚಿನ್ನ ಅಡವಿಟ್ಟು ಸಂಬಳ ಕೊಟ್ಟೆ. ಈಗ ಯಾರ ಪಾಲೂ ಐದನೆಯ ಒಂದನ್ನು ದಾಟಬಾರದು, ತಿಂಗಳ ಶುಲ್ಕ ಮುಂಗಡ.

ನಡುವೆ ಕಪ್ಪು ಸೈನಿಕ ನೊಣದ ಮರಿಗಳನ್ನೂ ಸಾಕಿದೆ. ಹಸಿ ಕಸ ತಿಂದು ಎರಡು ವಾರದಲ್ಲಿ ಕೊಬ್ಬುತ್ತವೆ, ಕೋಳಿಗೂ ಮೀನಿಗೂ ಒಳ್ಳೆಯ ಮೇವು. ಬಲಿತ ಮರಿಗಳು ಒಣ ಜಾಗ ಹುಡುಕಿ ತಾವಾಗಿ ತೊಟ್ಟಿಯಿಂದ ಹತ್ತಿಬರುತ್ತವೆ, ಅದೇ ಅವುಗಳ ಗುಣ. ನಾನು ಇಳಿಜಾರನ್ನು ತಪ್ಪು ಕಡೆಗೆ ಕಟ್ಟಿಸಿದ್ದೆ. ಒಂದು ರಾತ್ರಿ ಸಾವಿರಾರು ಮರಿಗಳು ಸಾಲಾಗಿ ಹೋಗಿ ಕಾವಲುಗಾರನ ಚಾಪೆಯ ಕೆಳಗೆ ಸೇರಿದವು. ಅವರು ಬೆಳಗಾಗುವ ಮೊದಲೇ ಕೆಲಸ ಬಿಟ್ಟರು. ಪ್ರಯೋಗ ಇನ್ನೂ ಮೂಲೆಯಲ್ಲಿ ಒಂದು ತೊಟ್ಟಿಯಷ್ಟು ನಡೆದಿದೆ. ಇಂಗಾಲದ ಕ್ರೆಡಿಟ್, ಅಂದರೆ ಗಾಳಿಗೆ ಸೇರದಂತೆ ತಪ್ಪಿಸಿದ ಅನಿಲದ ಲೆಕ್ಕಕ್ಕೆ ಸಿಗುವ ಪ್ರಮಾಣಪತ್ರ, ಮಾರಲೂ ಹೋದೆ. ಗಾಳಿಯಿಲ್ಲದ ಗುಂಡಿಯಲ್ಲಿ ಕೊಳೆತರೆ ಮೀಥೇನ್, ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು ಇಪ್ಪತ್ತೆಂಟು ಪಟ್ಟು ಶಾಖ ಹಿಡಿಯುವ ಅನಿಲ. ನಾವು ಅದನ್ನು ತಪ್ಪಿಸುತ್ತಿದ್ದೇವೆ ಎಂಬುದು ನಿಜ. ಆದರೆ ನಮ್ಮ ಗಾತ್ರಕ್ಕೆ ಪರಿಶೀಲಕರ ಶುಲ್ಕವೇ ಕ್ರೆಡಿಟ್ಟಿನ ಬೆಲೆಗಿಂತ ಹೆಚ್ಚು. ಬೆಟ್ಟ ಅಗೆದು ಇಲಿ ಹಿಡಿದಂತೆ ಎನ್ನೋಣವೆಂದರೆ ಇಲಿಯೂ ಸಿಗಲಿಲ್ಲ.

ಎಲ್ಲಕ್ಕಿಂತ ಬಿಗಿಯಾದ ಗಂಟು ಕೊನೆಗೆ ಬಂತು. ತೂಕದ ಚೀಟಿ ದಿನವೂ ಗ್ರಾಹಕರ ಅಡುಗೆಮನೆಯ ಗೋಡೆಗೆ ಅಂಟುತ್ತಿದ್ದಂತೆ ಅಡುಗೆಯವರು ಬೇಯಿಸುವುದನ್ನೇ ಕಡಿಮೆ ಮಾಡಿದರು. ಆರು ತಿಂಗಳಲ್ಲಿ ಕೆಲವು ಕಡೆ ಮೂರನೆಯ ಒಂದು ಭಾಗ ಕಸ ಇಳಿಯಿತು. 2022ರಲ್ಲಿ ಜಗತ್ತು ನೂರು ಕೋಟಿ ಟನ್ನಿಗೂ ಹೆಚ್ಚು ಆಹಾರ ಪೋಲು ಮಾಡಿತು ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಲೆಕ್ಕ ಕೊಟ್ಟಿದೆ. ಅದರ ಮುಂದೆ ಈ ಇಳಿತಕ್ಕೆ ನಾನು ಕುಣಿಯಬೇಕಿತ್ತು. ಕುಣಿಯಲಿಲ್ಲ, ಏಕೆಂದರೆ ಶುಲ್ಕ ಕಿಲೋ ಲೆಕ್ಕದಲ್ಲಿತ್ತು. ಕಸ ಇಳಿದಂತೆ ನನ್ನ ಆದಾಯ ಇಳಿಯಿತು. ಒಂದು ದಿನ ಚೀಟಿ ಅಂಟಿಸುವುದನ್ನು ನಿಲ್ಲಿಸೋಣವೇ ಎಂದು ನಾನೇ ಕೇಳಿದೆ, ಬಾಯಿಬಿಟ್ಟೇ ಕೇಳಿದೆ. ಮೇಲ್ವಿಚಾರಕರು ಉತ್ತರ ಕೊಡದೆ ನನ್ನನ್ನು ನೋಡಿದರು. ಆ ರಾತ್ರಿ ಕುಳಿತು ದರವನ್ನು ಎರಡಾಗಿ ಸೀಳಿದೆ. ಗಾಡಿ ಬರುವುದಕ್ಕೆ ಸ್ಥಿರ ಮೊತ್ತ, ಅದೇ ನೂರಕ್ಕೆ ಎಪ್ಪತ್ತು, ತೂಕಕ್ಕೆ ಮೂವತ್ತು. ಈಗ ಕಸ ಇಳಿದರೆ ನನಗೆ ಸ್ವಲ್ಪ ಚುಚ್ಚುತ್ತದೆ, ಗಾಯವಾಗುವುದಿಲ್ಲ. ಉಳಿದ ಜಾಗಕ್ಕೆ ಹೊಸ ಗ್ರಾಹಕರನ್ನು ತುಂಬುತ್ತೇನೆ.

ಆ ಚಮಚದ ಕ್ಯಾಂಟೀನಿನ ಒಪ್ಪಂದ ಮುಂದಿನ ತಿಂಗಳು ಮುಗಿಯುತ್ತದೆ. ದಿನಕ್ಕೆ ನೂರಿಪ್ಪತ್ತು ಕಿಲೋ ಬರುತ್ತಿದ್ದಲ್ಲಿ ಈಗ ಎಪ್ಪತ್ತು. ಕಸವೇ ಇಲ್ಲದಿದ್ದರೂ ಗಾಡಿಗೆ ಇಷ್ಟೇಕೆ ಎಂದು ಮ್ಯಾನೇಜರ್ ಕೇಳುತ್ತಾರೆ, ಕೇಳಿಯೇ ಕೇಳುತ್ತಾರೆ. ಹೋದ ತಿಂಗಳು ಅವರ ಡಬ್ಬಿಯಲ್ಲಿ ಸಿಕ್ಕಿದ್ದು ಹನ್ನೊಂದೇ ಚಮಚ. ತೊಳೆಸಿ ಇಟ್ಟಿದ್ದೇನೆ.