ಶುಲ್ಕವಿಲ್ಲದ ಓದಿಗೂ ಗಂಟು ಬೇಕು

ಜರ್ಮನಿಯಲ್ಲಿ ಓದು ಪುಕ್ಕಟೆಯಂತೆ ಎಂಬ ಮಾತು ಕೇಳಿ ಹೊರಟು ಬಂದವರಲ್ಲಿ ನಾನೂ ಒಬ್ಬ. ಮಾತು ಪೂರ್ತಿ ಸುಳ್ಳಲ್ಲ. ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳು ಬೋಧನಾ ಶುಲ್ಕ ಕೇಳುವುದಿಲ್ಲ. ಆದರೆ ನಾನಿರುವ ಸ್ಟುಟ್‌ಗಾರ್ಟ್ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯಕ್ಕೆ ಸೇರಿದ್ದು. ಇಲ್ಲಿ ಯುರೋಪ್ ಒಕ್ಕೂಟದ ಹೊರಗಿನವರು ಸೆಮಿಸ್ಟರಿಗೆ 1,500 ಯೂರೊ ಕಟ್ಟಬೇಕು. ಊರಿನ ಹೆಸರಿಗಿಂತ ಮೊದಲು ರಾಜ್ಯವನ್ನು ನೋಡಿ ಅರ್ಜಿ ಹಾಕಿ.

ಜರ್ಮನ್ ಮಾಧ್ಯಮದಲ್ಲೇ ಓದುವವರು ದಿನಗಳನ್ನು ಕೊನೆಯಿಂದ ಹಿಂದಕ್ಕೆ ಎಣಿಸಬೇಕು. ಅಕ್ಟೋಬರಿನ ಸೆಮಿಸ್ಟರಿಗೆ ಅನೇಕ ಕಡೆ ಜುಲೈ 15 ಕೊನೆಯ ದಿನ. ಅದಕ್ಕೂ ಮೊದಲು ನಿಮ್ಮ ಅಂಕಪಟ್ಟಿಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ಕೈಯಲ್ಲಿರಬೇಕು. ಅದಕ್ಕೆ 18,000 ರೂಪಾಯಿ. ಹಲವು ವಿಶ್ವವಿದ್ಯಾಲಯಗಳ ಪರವಾಗಿ ವಿದೇಶಿಯರ ಅರ್ಜಿ ಪರಿಶೀಲಿಸುವ ಯೂನಿ-ಅಸಿಸ್ಟ್ ಸಂಸ್ಥೆಯ ಮೂಲಕ ಹಾಕುವ ಮೊದಲ ಅರ್ಜಿಗೆ 75 ಯೂರೊ, ಅದೇ ಸೆಮಿಸ್ಟರಿನ ಉಳಿದವುಗಳಿಗೆ ತಲಾ 30.

ಭಾಷೆಯ ವಿಷಯದಲ್ಲಿ ಅವಸರ ಬೇಡ. ಟೆಸ್ಟ್‌ಡಾಫ್ ಪರೀಕ್ಷೆಯ ನಾಲ್ಕೂ ಭಾಗಗಳಲ್ಲಿ ನಾಲ್ಕನೇ ಮಟ್ಟ, ಇಲ್ಲವೇ ವಿಶ್ವವಿದ್ಯಾಲಯಗಳು ನಡೆಸುವ ಡಿಎಸ್‌ಎಚ್ ಭಾಷಾ ಪರೀಕ್ಷೆಯಲ್ಲಿ ಎರಡನೇ ಮಟ್ಟ: ಸಾಮಾನ್ಯವಾಗಿ ಕೇಳುವುದು ಇಷ್ಟು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಅಕ್ಷರದಿಂದ ಆರಂಭಿಸುವವರು ಒಂದೂವರೆ ವರ್ಷವನ್ನಾದರೂ ಇಟ್ಟುಕೊಳ್ಳಿ. ಪ್ರಮಾಣಪತ್ರ ಹಿಡಿದು ಬಂದ ನಾನೇ ಇಲ್ಲಿಯ ಬೇಕರಿಯಲ್ಲಿ 'ವೆಕ್ಲೆ' ಎಂಬ ಮಾತು ಕೇಳಿ ಕಣ್ಣುಕಣ್ಣು ಬಿಟ್ಟಿದ್ದೆ. ಬನ್ನಿಗೆ ಇಲ್ಲಿಯವರು ಹಾಗೆನ್ನುತ್ತಾರೆ. ಪುಸ್ತಕದ ಕನ್ನಡ ಕಲಿತವನನ್ನು ಕುಂದಾಪುರದ ಮೀನು ಮಾರುಕಟ್ಟೆಯಲ್ಲಿ ಬಿಟ್ಟಂತಾಗಿತ್ತು.

ಇನ್ನು ಹಣ. ವೀಸಾಕ್ಕಾಗಿ ನಿರ್ಬಂಧಿತ ಖಾತೆಯಲ್ಲಿ, ಅಂದರೆ ಮೊದಲೇ ಹಣವಿಟ್ಟು ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆಯಲ್ಲಿ, ವರ್ಷಕ್ಕೆ 11,904 ಯೂರೊ ತೋರಿಸಬೇಕು. 2024ರ ಸೆಪ್ಟೆಂಬರಿಗೆ ಮೊದಲು ಇದು 11,208 ಇತ್ತು, ಆದ್ದರಿಂದ ಅರ್ಜಿ ಹಾಕುವ ವಾರದಲ್ಲಿ ಮತ್ತೊಮ್ಮೆ ನೋಡಿ. ಇದರಿಂದ ತಿಂಗಳಿಗೆ 992 ಮಾತ್ರ ಕೈಗೆ ಬರುತ್ತದೆ. ಹೊಸಬರು ಎಡವುವುದು ಇಲ್ಲೇ. ಆ ಖಾತೆಯ ಹಣ ಕೈಗೆ ಬರಲು ಇಲ್ಲಿಯ ಸಾಮಾನ್ಯ ಬ್ಯಾಂಕ್ ಖಾತೆ ಬೇಕು. ಬ್ಯಾಂಕಿನವರು ಹಲವು ಸಲ ವಿಳಾಸ ನೋಂದಣಿಯ ಪತ್ರ ಕೇಳುತ್ತಾರೆ. ನೋಂದಣಿಗೆ ಮನೆಯ ಮಾಲೀಕರ ಸಹಿ ಇರುವ ಪತ್ರ ಬೇಕು. ಮಾಲೀಕರಿಗೆ ಮೊದಲು ಮುಂಗಡ ಬೇಕು. ಮುಂಗಡವೆಂದರೆ ಬಿಸಿನೀರು, ಹೀಟರ್ ಇತ್ಯಾದಿ ಸೇರದ ಬಾಡಿಗೆಯ ಮೂರು ಪಟ್ಟಿನವರೆಗೆ. ನಾನು ಅಷ್ಟನ್ನೂ ಒಂದೇ ಸಲ ಕೊಟ್ಟು ಮೂರು ವಾರ ಬ್ರೆಡ್ಡು-ಮೊಸರಿನಲ್ಲಿ ಕಳೆದೆ. ಮೂರು ಮಾಸಿಕ ಕಂತುಗಳಲ್ಲಿ ಕಟ್ಟುವ ಹಕ್ಕು ಕಾನೂನಿನಲ್ಲೇ ಇದೆ ಎಂದು ತಿಳಿದದ್ದು ಆಮೇಲೆ. ನೀವು ಕೇಳಿ, ಸಂಕೋಚ ಬೇಡ. ನಿರ್ಬಂಧಿತ ಖಾತೆಯ ಹೊರಗೆ ಎರಡು ತಿಂಗಳ ಖರ್ಚು ಮತ್ತು ಮುಂಗಡದ ಹಣವನ್ನು ಬೇರೆಯಾಗಿ ತನ್ನಿ.

ಮೂವತ್ತು ದಾಟದ ವಿದ್ಯಾರ್ಥಿಗಳಿಗೆ ಆರೋಗ್ಯ ವಿಮೆ ತಿಂಗಳಿಗೆ ಸುಮಾರು 140-150 ಯೂರೊ. ಟಿವಿ ಇಲ್ಲದಿದ್ದರೂ ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೊ ಪ್ರಸಾರ ಶುಲ್ಕದ ಚೀಟಿ ಬರುತ್ತದೆ. ಮೂವರು ಒಟ್ಟಿಗಿದ್ದರೆ ಒಬ್ಬರು ಕಟ್ಟಿ ಹಂಚಿಕೊಳ್ಳಬಹುದು. ವರ್ಷಕ್ಕೆ 140 ಪೂರ್ಣ ದಿನ ದುಡಿಯಲು ಅನುಮತಿಯಿದೆ, ಆದರೆ ಮೊದಲ ಸೆಮಿಸ್ಟರಿನ ಲೆಕ್ಕದಲ್ಲಿ ಆ ಸಂಬಳವನ್ನು ಸೇರಿಸಬೇಡಿ.

ವಿದ್ಯಾರ್ಥಿನಿಲಯದ ಅರ್ಜಿಯನ್ನು ಪ್ರವೇಶಪತ್ರ ಬಂದ ದಿನವೇ ಹಾಕಿ, ಸರದಿ ಉದ್ದವಿರುತ್ತದೆ. ಕುಕ್ಕರ್ ತರುವುದಾದರೆ ಇಂಡಕ್ಷನ್ ಒಲೆಗೆ ಹೊಂದುವ ತಳದ್ದನ್ನೇ ತನ್ನಿ, ಜೊತೆಗೆ ಎರಡು ಗ್ಯಾಸ್ಕೆಟ್ ಹೆಚ್ಚಿಗೆ.