ಕೆಂಪು ಚೀಟಿ ಅಂಟಿಸಿದ ಮೇಲೆ

ಯಾದಗಿರಿ ಜಿಲ್ಲೆಯ ಸುರಪುರ ತಾಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ವೈದ್ಯಾಧಿಕಾರಿ. ಅಪಾಯದ ಗರ್ಭಿಣಿಯರನ್ನು ಗುರುತಿಸುವುದು ನಮ್ಮಲ್ಲಿ ಈಗ ಅಷ್ಟೇನೂ ಕಷ್ಟದ ಕೆಲಸವಲ್ಲ. ಪ್ರತಿ ತಿಂಗಳ 9ರಂದು ಗರ್ಭಿಣಿಯರ ತಪಾಸಣೆ ನಡೆಸುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ 2016ರಲ್ಲಿ ಆರಂಭವಾದಾಗಿನಿಂದ ತಾಯಿ ಕಾರ್ಡಿನ ಮೇಲೆ ಕೆಂಪು ಚೀಟಿ ಅಂಟಿಸುವುದು ಎಲ್ಲ ಸಿಬ್ಬಂದಿಗೂ ರೂಢಿಯಾಗಿದೆ. ಕಷ್ಟವಿರುವುದು ಅದರ ಮುಂದಿನ ಕೆಲಸದಲ್ಲಿ. ಚೀಟಿ ಅಂಟಿಸಿ, ‘ಹೈ ರಿಸ್ಕ್’ ಎಂದು ಬರೆದು, ದೊಡ್ಡ ಆಸ್ಪತ್ರೆಗೆ ತೋರಿಸಿಕೊಳ್ಳಿ ಎಂದು ಹೇಳಿ ಕಳಿಸಿದರೆ ಜವಾಬ್ದಾರಿ ಮುಗಿಯಿತು ಎಂಬ ಭಾವನೆ ಬಹಳ ಬೇಗ ಬೆಳೆಯುತ್ತದೆ.

ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ನಡೆದ ‘ಕ್ಲಿಪ್’ ಪ್ರಯೋಗದ ಫಲಿತಾಂಶ 2020ರಲ್ಲಿ ಪ್ರಕಟವಾದಾಗ ನಾನು ಅದನ್ನು ಗಮನವಿಟ್ಟು ಓದಿದ್ದು ಈ ಕಾರಣಕ್ಕಾಗಿಯೇ. ಆಶಾ ಮತ್ತು ಎಎನ್‌ಎಂ (ಉಪಕೇಂದ್ರದ ಆರೋಗ್ಯ ಸಹಾಯಕಿ) ಕಾರ್ಯಕರ್ತೆಯರು ಗರ್ಭಿಣಿಯರ ರಕ್ತದೊತ್ತಡ ಅಳೆದು, ಅಗತ್ಯವಿದ್ದರೆ ಮೊದಲ ಔಷಧವನ್ನು ಊರಿನಲ್ಲೇ ಕೊಟ್ಟು ಆಸ್ಪತ್ರೆಗೆ ಕಳಿಸುವ ವ್ಯವಸ್ಥೆಯನ್ನು ಅಲ್ಲಿ ಪರೀಕ್ಷಿಸಲಾಯಿತು. ಪಾಕಿಸ್ತಾನ ಮತ್ತು ಮೊಜಾಂಬಿಕ್‌ಗಳಲ್ಲೂ ಅದೇ ಪ್ರಯೋಗ ನಡೆಯಿತು. ತಾಯಿ-ಮಗುವಿನ ಸಾವು ಮತ್ತು ತೀವ್ರ ತೊಂದರೆಗಳನ್ನು ಒಟ್ಟಾಗಿ ನೋಡಿದರೆ ಅದರಿಂದ ಇಳಿಕೆ ಕಾಣಲಿಲ್ಲ. ಇದನ್ನು ಓದಿ ಆಶಾಳ ಬಿಪಿ ಯಂತ್ರ ವ್ಯರ್ಥವೆಂದು ಹೇಳುವವರಿದ್ದಾರೆ; ನನಗೆ ಹಾಗೆನಿಸಲಿಲ್ಲ. ಊರಿನಲ್ಲಿ ಎಷ್ಟೇ ಚೆನ್ನಾಗಿ ಗುರುತಿಸಿದರೂ ಮುಂದಿನ ಪ್ರತಿ ಹಂತದಲ್ಲಿ ಔಷಧ, ಹಾಸಿಗೆ, ತಿಳಿದವರು ಸಿದ್ಧವಿಲ್ಲದಿದ್ದರೆ ಆ ಗುರುತಿಗೆ ಬೆಲೆಯಿಲ್ಲ ಎಂದೇ ನಾನು ಅದನ್ನು ಅರ್ಥ ಮಾಡಿಕೊಂಡೆ. ಆದ್ದರಿಂದ ನಮ್ಮ ಕೇಂದ್ರದಲ್ಲಿ ಕೆಂಪು ಚೀಟಿಯ ಕೆಳಗೆ ಮೂರು ಸಾಲು ಬರೆಯದೆ ಕಾರ್ಡನ್ನು ವಾಪಸು ಕೊಡಬಾರದು ಎಂದು ಗೊತ್ತುಮಾಡಿದೆವು: ಅಪಾಯ ಯಾವುದು, ಇವತ್ತೇ ಏನು ಆರಂಭಿಸಿದೆವು, ಮುಂದಿನ ಭೇಟಿ ಯಾವ ತಾರೀಖು ಮತ್ತು ಯಾರ ಬಳಿ. ಎರಡನೆಯ ಸಾಲು ಖಾಲಿ ಉಳಿದ ಕಾರ್ಡುಗಳನ್ನು ವಾರದ ಸಭೆಯಲ್ಲಿ ಮೇಜಿನ ಮೇಲಿಟ್ಟು ಚರ್ಚಿಸುತ್ತೇವೆ.

ಆ ಎರಡನೆಯ ಸಾಲಿನಲ್ಲಿ ನಮ್ಮ ಭಾಗದಲ್ಲಿ ಬಹಳ ಸಲ ಬರೆಯಬೇಕಾದದ್ದು, ಬಿಪಿ ಏರುವ ಅಪಾಯ ತಗ್ಗಿಸುವ ಆಸ್ಪಿರಿನ್. ಗರ್ಭಾವಸ್ಥೆಯ ಬಿಪಿಯ ಮೂಲವು ಮಾಸು (ಪ್ಲಾಸೆಂಟಾ) ಬೇರೂರುವ ಮೊದಲ ತಿಂಗಳುಗಳಲ್ಲಿದೆ. ತಾಯಿಯ ಗರ್ಭಕೋಶದ ರಕ್ತನಾಳಗಳು ಆಗ ಸರಿಯಾಗಿ ಅಗಲವಾಗದಿದ್ದರೆ ಅದರ ಪರಿಣಾಮ ಏಳನೆಯ, ಎಂಟನೆಯ ತಿಂಗಳಲ್ಲಿ ಬಾವು, ತಲೆನೋವು, ಮೂತ್ರದಲ್ಲಿ ಪ್ರೋಟೀನ್ ಆಗಿ ಹೊರಬೀಳುತ್ತದೆ. 2017ರ ‘ಆಸ್ಪ್ರೆ’ ಅಧ್ಯಯನದಲ್ಲಿ ಅಪಾಯ ಹೆಚ್ಚಿದ್ದ ಮಹಿಳೆಯರಿಗೆ 11ರಿಂದ 14ನೆಯ ವಾರದೊಳಗೆ ಆರಂಭಿಸಿ 36ನೆಯ ವಾರದವರೆಗೆ ರಾತ್ರಿ 150 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟಾಗ, 37 ವಾರಕ್ಕೆ ಮೊದಲೇ ಹೆರಿಗೆ ಮಾಡಿಸಬೇಕಾಗುವಂಥ ತೀವ್ರ ಬಿಪಿ ಸಮಸ್ಯೆ ಶೇ. 4.3ರಿಂದ ಶೇ. 1.6ಕ್ಕೆ ಇಳಿಯಿತು. ಅದು ಯುರೋಪಿನ ಆಸ್ಪತ್ರೆಗಳ ಮಾತು ಎಂದು ತಳ್ಳಿಹಾಕುವವರಿಗೆ 2020ರ ಇನ್ನೊಂದು ಅಧ್ಯಯನವಿದೆ: ಬೆಳಗಾವಿ ಮತ್ತು ನಾಗಪುರವೂ ಸೇರಿದಂತೆ ಆರು ದೇಶಗಳಲ್ಲಿ ಚೊಚ್ಚಲ ಬಸುರಿಯರಿಗೆ 14 ವಾರ ತುಂಬುವ ಮೊದಲೇ 81 ಮಿಲಿಗ್ರಾಂ ಆರಂಭಿಸಿದಾಗ ದಿನ ತುಂಬದ ಹೆರಿಗೆ ಶೇ. 13.1ರಿಂದ ಶೇ. 11.6ಕ್ಕೆ ಬಂತು. ಗುಳಿಗೆ ಅಗ್ಗವಾದದ್ದು, ಎಲ್ಲೆಡೆ ಸಿಗುವಂಥದ್ದು. ಆದರೆ ನಾಲ್ಕನೆಯ ತಿಂಗಳು ದಾಟಿದ ಮೇಲೆ ಆರಂಭಿಸಿದರೆ ಅದರ ಉಪಯೋಗ ಬಹುಪಾಲು ಕಳೆದುಹೋಗುತ್ತದೆ.

ನಮ್ಮ ಊರುಗಳಲ್ಲಿ ಮೂರು ತಿಂಗಳು ತುಂಬುವ ತನಕ ಬಸುರಿನ ಸುದ್ದಿಯನ್ನು ಮನೆಯ ಹೊರಗೆ ಹೇಳುವುದಿಲ್ಲ. ಅದನ್ನು ತಪ್ಪೆಂದು ವಾದಿಸುತ್ತ ಕೂರುವುದರಲ್ಲಿ ಅರ್ಥವಿರಲಿಲ್ಲ. ಹೀಗಾಗಿ ಬಸುರಿಯರನ್ನು ಹುಡುಕುವುದರ ಬದಲು, ಬಸುರಾದರೆ ಅಪಾಯವಿರುವವರ ಪಟ್ಟಿಯನ್ನು ಮೊದಲೇ ಮಾಡಿಕೊಂಡೆವು. ಹಳೆಯ ಹೆರಿಗೆ ರಿಜಿಸ್ಟರ್ ಮತ್ತು ತಾಯಿ ಕಾರ್ಡುಗಳನ್ನು ತೆಗೆದು, ಹಿಂದಿನ ಸಲ ಬಿಪಿ ಏರಿದವರು, ಫಿಟ್ಸ್ ಬಂದವರು, ಸತ್ತ ಮಗು ಹುಟ್ಟಿದವರು, ಹೆರಿಗೆಯ ನಂತರ ವಿಪರೀತ ರಕ್ತ ಹೋದವರು, ಸಿಸೇರಿಯನ್ ಆದವರು, ಸಕ್ಕರೆ ಅಥವಾ ಮೂತ್ರಪಿಂಡದ ಕಾಯಿಲೆಯವರು, ಹೀಗೆ ಪ್ರತಿ ಆಶಾಳ ವ್ಯಾಪ್ತಿಗೆ ಒಂದು ಹಾಳೆ ಸಿದ್ಧಪಡಿಸಿದೆವು. ಹೊಸದಾಗಿ ಮದುವೆಯಾಗಿ ಬಂದ ಸೊಸೆಯರ ಹೆಸರನ್ನೂ ಅದಕ್ಕೆ ಸೇರಿಸಿದೆವು. ಆಶಾ ತಿಂಗಳಿಗೊಮ್ಮೆ ಹೋಗಿ ಮುಟ್ಟು ನಿಂತಿದೆಯೇ ಎಂದು ಅವರನ್ನಷ್ಟೇ ಕೇಳುತ್ತಾಳೆ, ನಿಂತಿದ್ದರೆ ಮನೆಯಲ್ಲೇ ನಿಶ್ಚಯ್ ಕಿಟ್‌ನಿಂದ ಪರೀಕ್ಷೆ ಮಾಡಿಸುತ್ತಾಳೆ. ಗುಟ್ಟು ಆಶಾ ಮತ್ತು ಆ ಹೆಣ್ಣುಮಗಳ ನಡುವೆಯೇ ಉಳಿಯುವುದರಿಂದ ಅತ್ತೆಯಂದಿರೂ ತಕರಾರು ಮಾಡುವುದಿಲ್ಲ.

ಗುಳಿಗೆಯ ವಿಷಯದಲ್ಲಿ ತಕರಾರು ಇದ್ದೇ ಇರುತ್ತದೆ. ‘ಇದು ಹಾರ್ಟ್ ಗುಳಿಗಿ ಅಲ್ಲೇನ್ರಿ, ನಮ್ಮ ಸೊಸಿಗ್ಯಾಕ?’ ಎಂದು ಕೇಳಿದ ಒಬ್ಬ ಅತ್ತೆಗೆ, ಮಾಸಿಗೆ ಹೋಗುವ ರಕ್ತ ಸರಾಗವಾಗಿ ಹರಿಯಲಿ ಎಂದು ಕೊಡುತ್ತಿದ್ದೇವೆ ಎಂದೆ. ಆಕೆ ಮಾರನೆಯ ಭೇಟಿಗೆ ಖಾಲಿಯಾದ ಗುಳಿಗೆ ಪಟ್ಟಿಯನ್ನು ತಾನೇ ತಂದು ತೋರಿಸಿದಳು. ರಾತ್ರಿ ಊಟದ ನಂತರ ಎಂಬುದನ್ನು ಒತ್ತಿ ಹೇಳುತ್ತೇವೆ. ಹೊಟ್ಟೆಹುಣ್ಣು, ಆಸ್ಪಿರಿನ್ ಅಲರ್ಜಿ, ರಕ್ತಸ್ರಾವದ ತೊಂದರೆ ಇರುವವರಿಗೆ ಕೊಡುವುದಿಲ್ಲ. ಕ್ಯಾಲ್ಸಿಯಂ ಬಗ್ಗೆಯೂ ಒಂದು ಮಾತು. ಬೆಂಗಳೂರಿನಲ್ಲಿ 11,000 ಚೊಚ್ಚಲ ಬಸುರಿಯರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನ, ಬಿಪಿ ಸಮಸ್ಯೆ ತಡೆಯುವಲ್ಲಿ ದಿನಕ್ಕೆ 500 ಮಿಲಿಗ್ರಾಂ ಕ್ಯಾಲ್ಸಿಯಂ 1500ಕ್ಕಿಂತ ಕಡಿಮೆಯೇನಲ್ಲ ಎಂದು ತೋರಿಸಿದೆ. ಸರ್ಕಾರಿ ನಿಯಮದಂತೆ ನಾವು ದಿನಕ್ಕೆ ಎರಡು ಗುಳಿಗೆ ಕೊಡುತ್ತೇವಾದರೂ, ಒಂದನ್ನಾದರೂ ಬಿಡದೆ ನುಂಗಿದವಳನ್ನು ಬೈಯಬೇಕಾದ ಅಗತ್ಯವಿಲ್ಲ ಎಂಬ ಸಮಾಧಾನ ನನಗೆ ಅದರಿಂದ ಸಿಕ್ಕಿತು. ಕಬ್ಬಿಣದ ಗುಳಿಗೆಯನ್ನು ಕ್ಯಾಲ್ಸಿಯಂ ಜೊತೆಗೂ ಚಹಾದ ಜೊತೆಗೂ ನುಂಗಬಾರದು ಎಂಬುದನ್ನು ಮಾತ್ರ ಪ್ರತಿ ಸಲ ಹೇಳಬೇಕಾಗುತ್ತದೆ.

ಗುಳೆ ಹೋಗುವವರದು ಬೇರೆಯೇ ಲೆಕ್ಕ. ಸುಗ್ಗಿ ಮುಗಿಯುತ್ತಿದ್ದಂತೆ ತಾಂಡಾಗಳಿಂದ ಗಂಡ-ಹೆಂಡತಿ ಇಬ್ಬರೂ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಮಹಾರಾಷ್ಟ್ರದ ಕಬ್ಬಿನ ಗದ್ದೆಗೋ ಹೊರಡುತ್ತಾರೆ. ಹೋಗಬೇಡಿ ಎಂದರೆ ಕೇಳುವವರಿಲ್ಲ. ಅಂಥವರಿಗೆ ಮೂರು ತಿಂಗಳ ಗುಳಿಗೆಯನ್ನು ಒಟ್ಟಿಗೆ ಕೊಟ್ಟು, ತಾಯಿ ಕಾರ್ಡಿನ ಎಲ್ಲ ಪುಟಗಳ ಫೋಟೋವನ್ನು ಗಂಡನ ಮೊಬೈಲಿಗೆ ಹಾಕಿ, ಮೇಸ್ತ್ರಿಯ ನಂಬರನ್ನು ಆಶಾಳ ಹಾಳೆಯಲ್ಲಿ ಬರೆದುಕೊಳ್ಳುತ್ತೇವೆ. ಹೋದ ಊರಿನಲ್ಲೂ 9ನೆಯ ತಾರೀಖಿಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಎಂದು ಹಿಂದಿನ ದಿನ ಫೋನ್ ಮಾಡುವುದು ಎಎನ್‌ಎಂ ಕೆಲಸ.

ಬಿಪಿ ಅಳೆಯುವ ಕ್ರಮವನ್ನು ನಾನು ಸಿಬ್ಬಂದಿಗೆ ಮತ್ತೆ ಮತ್ತೆ ಹೇಳಿಕೊಟ್ಟಿದ್ದೇನೆ, ಏಕೆಂದರೆ ಮುಂದಿನದೆಲ್ಲ ಆ ಅಂಕಿಯ ಮೇಲೆಯೇ ನಿಂತಿದೆ. ಬಿಸಿಲಲ್ಲಿ ನಡೆದು ಬಂದವಳನ್ನು ಐದು ನಿಮಿಷ ಕುರ್ಚಿಯಲ್ಲಿ ಬೆನ್ನು ಒರಗಿಸಿ ಕೂರಿಸಬೇಕು, ಪಾದಗಳು ನೆಲಕ್ಕೆ ತಾಗಿರಬೇಕು, ತೋಳು ಎದೆಯ ಮಟ್ಟದಲ್ಲಿರಬೇಕು, ಆ ಹೊತ್ತಿನಲ್ಲಿ ಆಕೆಯನ್ನು ಮಾತಾಡಿಸಬಾರದು. ನಮ್ಮಲ್ಲಿ ಬರುವ ಬಹಳಷ್ಟು ಹೆಣ್ಣುಮಕ್ಕಳ ತೋಳು ತೀರ ಸಣ್ಣದು. ಬಿಪಿ ಯಂತ್ರದ ದೊಡ್ಡವರ ಪಟ್ಟಿಯನ್ನು (ಕಫ್) ಅದಕ್ಕೆ ಸುತ್ತಿದರೆ ಅಂಕಿ ಇರುವುದಕ್ಕಿಂತ ಕಡಿಮೆ ಬರುತ್ತದೆ, ನಿಜವಾದ 140/90 ಕಾಗದದ ಮೇಲೆ ಸಹಜವಾಗಿಬಿಡುತ್ತದೆ. ಚಿಕ್ಕ ಅಳತೆಯ ಪಟ್ಟಿಗಳನ್ನು ಕೇಂದ್ರದ ಅನುದಾನದಲ್ಲೇ ತರಿಸಿದೆವು. 160/110 ಮುಟ್ಟಿದರೆ ಆಂಬುಲೆನ್ಸ್‌ಗೆ ಕಾಯುತ್ತ ಕೂರುವುದಿಲ್ಲ, ನಿಫೆಡಿಪಿನ್ 10 ಮಿಲಿಗ್ರಾಂ ಗುಳಿಗೆಯನ್ನು ಅಲ್ಲೇ ನುಂಗಿಸುತ್ತೇವೆ. ನಾಗಪುರದ ಎರಡು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆದ 2019ರ ಅಧ್ಯಯನದಲ್ಲಿ ನಿಫೆಡಿಪಿನ್, ಲೇಬೆಟಲಾಲ್, ಮೀಥೈಲ್‌ಡೋಪಾ ಮೂರನ್ನೂ ಬಾಯಿಯ ಮೂಲಕವೇ ಕೊಟ್ಟು ನೋಡಲಾಯಿತು. ಮೂರರಿಂದಲೂ ಬಹುಪಾಲು ಮಹಿಳೆಯರ ಒತ್ತಡ ಆರು ಗಂಟೆಯೊಳಗೆ ಹಿಡಿತಕ್ಕೆ ಬಂತು, ನಿಫೆಡಿಪಿನ್ ತುಸು ಮುಂದಿತ್ತು.

ಫಿಟ್ಸ್ ತಡೆಯುವ ಔಷಧ ಮೆಗ್ನೀಷಿಯಂ ಸಲ್ಫೇಟ್. ಹತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರಿದ್ದ 2002ರ ‘ಮ್ಯಾಗ್‌ಪೈ’ ಪ್ರಯೋಗ ಅದು ಫಿಟ್ಸ್ ಅಪಾಯವನ್ನು ಅರ್ಧಕ್ಕಿಂತ ಹೆಚ್ಚು ಇಳಿಸುತ್ತದೆ ಎಂದು ತೋರಿಸಿ ಎರಡು ದಶಕ ಕಳೆದರೂ, ಕೊಡಲು ಕೈ ಹಿಂಜರಿಯುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಕಾರಣ ಭಯವಷ್ಟೇ ಅಲ್ಲ, ಸಿದ್ಧತೆಯದ್ದೂ ಹೌದು. ಮೊದಲ ಡೋಸಿಗೆ ಎರಡೂ ಪೃಷ್ಠಗಳಿಗೆ 5 ಗ್ರಾಂನಂತೆ 10 ಗ್ರಾಂ ಬೇಕು. 2 ಮಿಲಿಲೀಟರಿನ ಒಂದು ಆಂಪೂಲಿನಲ್ಲಿ ಇರುವುದು 1 ಗ್ರಾಂ. ಎದುರಿಗೆ ಹೆಣ್ಣುಮಗಳು ಸೆಟೆದುಕೊಂಡಿರುವಾಗ, ಹೊರಗೆ ಮನೆಯವರು ಗಾಳಿ ಸೋಕಿದೆ ಎಂದು ಗದ್ದಲ ಮಾಡುವಾಗ, ಒಬ್ಬಳೇ ಸಿಸ್ಟರ್ ಹತ್ತು ಆಂಪೂಲ್ ಮುರಿದು ಎಳೆಯಬೇಕು. ಆದ್ದರಿಂದ ಹೆರಿಗೆ ಕೋಣೆಯಲ್ಲಿ ಒಂದು ಪೆಟ್ಟಿಗೆ ಇಟ್ಟಿದ್ದೇವೆ: ಹತ್ತು ಆಂಪೂಲ್, 20 ಮಿಲಿಲೀಟರಿನ ಎರಡು ಸಿರಿಂಜ್, ಉದ್ದನೆಯ ಸೂಜಿಗಳು, ಲಿಗ್ನೊಕೇನ್, ಪ್ರತಿವಿಷವಾಗಿ ಕ್ಯಾಲ್ಸಿಯಂ ಗ್ಲೂಕೊನೇಟ್, ಮೊಣಕಾಲು ತಟ್ಟಿ ನೋಡುವ ಸುತ್ತಿಗೆ. ಔಷಧವಿಲ್ಲದೆ ಬರೀ ಸಿರಿಂಜ್ ಮತ್ತು ನೀರಿನಿಂದ ಸಿಬ್ಬಂದಿಗೆ ಇಬ್ಬಿಬ್ಬರಂತೆ ಅಭ್ಯಾಸ ಮಾಡಿಸುತ್ತೇವೆ, ಒಬ್ಬರು ಮುರಿಯುವುದು, ಒಬ್ಬರು ಎಳೆಯುವುದು. ಪೆಟ್ಟಿಗೆಯ ಮುಚ್ಚಳದ ಒಳಗೆ ಅಚ್ಚು ಹಾಕಿಸಿದ ಚೀಟಿಯಲ್ಲಿ ಡೋಸ್, ಸಮಯ, ಆಗಿನ ಬಿಪಿ, ಉಸಿರಿನ ಲೆಕ್ಕ, ಮೂತ್ರದ ಪ್ರಮಾಣ ತುಂಬಿ ಆಕೆಯ ಜೊತೆಗೇ ಕಳಿಸುತ್ತೇವೆ. ಒಮ್ಮೆ ಇಂಥ ಚೀಟಿಯಿಲ್ಲದೆ ಬೇರೆಡೆಯಿಂದ ಹೋದ ರೋಗಿಗೆ ಮುಂದಿನ ಆಸ್ಪತ್ರೆಯಲ್ಲಿ ಮೊದಲ ಡೋಸ್ ಆಗಿದೆಯೋ ಇಲ್ಲವೋ ತಿಳಿಯದೆ ಗಂಟೆಗಟ್ಟಲೆ ಏನನ್ನೂ ಕೊಡದೆ ಕಾದಿದ್ದನ್ನು ಕೇಳಿದ್ದೆ.

ಹೆರಿಗೆಯಾಯಿತೆಂದು ಬಿಪಿಯ ಅಪಾಯ ಮುಗಿಯುವುದಿಲ್ಲ. ಮೂರರಿಂದ ಆರನೆಯ ದಿನದಲ್ಲಿ ಒತ್ತಡ ಮತ್ತೆ ಏರುವುದುಂಟು, ಫಿಟ್ಸ್ ಬಾಣಂತನದಲ್ಲೂ ಬರುತ್ತದೆ. ಅಷ್ಟರಲ್ಲಿ ಆಕೆ ತವರಿನ ಬಾಣಂತಿ ಕೋಣೆ ಸೇರಿರುತ್ತಾಳೆ, ತಲೆನೋವೆಂದರೆ ತಂಡಿ ಹತ್ತಿದೆ ಎಂದು ಕಿವಿಗೆ ಬಟ್ಟೆ ಕಟ್ಟುತ್ತಾರೆ. ಮನೆಗೆ ಕಳಿಸುವ ದಿನವೇ ತವರೂರಿನ ಆಶಾಳ ನಂಬರ್ ಪಡೆದು, ಮಗುವನ್ನು ನೋಡಲು ಆಕೆ ಹೇಗೂ ಹೋಗಬೇಕಾದ 3 ಮತ್ತು 7ನೆಯ ದಿನ ತಾಯಿಯ ಬಿಪಿಯನ್ನೂ ನೋಡಿ ನಮಗೆ ವಾಟ್ಸಾಪ್‌ನಲ್ಲಿ ಕಳಿಸುವಂತೆ ಕೇಳಿಕೊಳ್ಳುತ್ತೇವೆ. 150/100 ದಾಟಿದರೆ ಗುಳಿಗೆ ಆರಂಭಿಸುವುದೋ ಹೆಚ್ಚಿಸುವುದೋ ಎಂಬುದನ್ನು ಆ ಊರಿನ ವೈದ್ಯಾಧಿಕಾರಿಯ ಜೊತೆ ಫೋನಿನಲ್ಲಿ ಅಂದೇ ತೀರ್ಮಾನಿಸುತ್ತೇವೆ. ತಲೆನೋವು, ಕಣ್ಣು ಮಂಜು ಅಥವಾ ಮೇಲ್ಹೊಟ್ಟೆ ನೋವು ಜೊತೆಗಿದ್ದರೆ ಅಂಕಿಗೆ ಕಾಯದೆ 108 ಕರೆಸುವಂತೆ ಆಶಾಳಿಗೆ ಮೊದಲೇ ಹೇಳಿರುತ್ತೇವೆ.