ಡಯಲಿನ ಕೆಳಗಿನ ಬರಹ: ಲಿಂಕನ್ ದಂಪತಿಯ ವಸ್ತುಗಳಿಂದ ನಾನು ಕಲಿತದ್ದು

ಹಳೆಯ ಪಾಕೆಟ್ ವಾಚುಗಳನ್ನು ಬಿಚ್ಚಿ ಸರಿಪಡಿಸುವ ಕೆಲಸವನ್ನು ನಾನು ಬೆಂಗಳೂರಿನ ಚಿಕ್ಕಪೇಟೆಯಲ್ಲಿದ್ದ ಅಪ್ಪನ ಅಂಗಡಿಯಲ್ಲಿ ಕಲಿತೆ. ರಿಪೇರಿಗೆ ಬಂದ ವಾಚಿನ ಹಿಂಬದಿ ಮುಚ್ಚಳದ ಒಳಗೆ ಸೂಜಿಮೊನೆಯಿಂದ ಒಂದು ಅಕ್ಷರವನ್ನೂ ತಾರೀಖನ್ನೂ ಗೀರುವುದು ಅಲ್ಲಿ ವಾಡಿಕೆಯಾಗಿತ್ತು. ಆ ಗೀರು ಗಿರಾಕಿಯ ಕಣ್ಣಿಗೆ ಬೀಳುವುದಿಲ್ಲ. ಮುಂದೆಂದೋ ಅದೇ ವಾಚನ್ನು ತೆರೆಯುವ ಇನ್ನೊಬ್ಬ ರಿಪೇರಿಯವನಿಗೆ ಮಾತ್ರ ಕಾಣುತ್ತದೆ. ಅಮೆರಿಕದ ಅಧ್ಯಕ್ಷರಾಗಿದ್ದ ಅಬ್ರಹಾಂ ಲಿಂಕನ್ನರ ಚಿನ್ನದ ವಾಚಿನೊಳಗೆ ಒಬ್ಬ ರಿಪೇರಿಯವನ ಬರಹ ಸಿಕ್ಕಿತೆಂಬ ಸುದ್ದಿಯನ್ನು 2009ರಲ್ಲಿ ಓದಿದಾಗ ಅದು ನನಗೆ ದೂರದ ದೇಶದ ಇತಿಹಾಸವಾಗಿ ತೋರಲಿಲ್ಲ, ನಮ್ಮ ಕಸುಬಿನವನೊಬ್ಬ ಬರೆದಿಟ್ಟ ಕಾಗದ ತಡವಾಗಿ ಕೈಸೇರಿದಂತೆ ಅನ್ನಿಸಿತು. ಅಂದಿನಿಂದ ಲಿಂಕನ್ ಮತ್ತು ಅವರ ಪತ್ನಿ ಮೇರಿ ಟಾಡ್ ಲಿಂಕನ್ ಬಳಸಿದ ವಸ್ತುಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೇನೆ, ಮತ್ತು ನನ್ನ ಕೆಲಸದ ರೀತಿಯನ್ನು ಅದಕ್ಕೆ ತಕ್ಕಂತೆ ಬದಲಿಸಿಕೊಂಡಿದ್ದೇನೆ.

ಲಿಂಕನ್ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ವಕೀಲರಾಗಿದ್ದಾಗ, 1850ರ ದಶಕದಲ್ಲಿ, ಅಲ್ಲಿನ ಆಭರಣ ವ್ಯಾಪಾರಿ ಜಾರ್ಜ್ ಚಾಟರ್‌ಟನ್ ಅವರಿಂದ ಆ ವಾಚನ್ನು ಕೊಂಡರು. ಅದರ ಯಂತ್ರ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ತಯಾರಾದದ್ದು. ವೇಷಭೂಷಣದಲ್ಲಿ ಆಡಂಬರವಿಲ್ಲದ ಮನುಷ್ಯ ಇಂಥ ಚಿನ್ನದ ವಾಚನ್ನು ಇಟ್ಟುಕೊಂಡರೆಂದರೆ ವಕೀಲಿಕೆ ಕೈಹಿಡಿದಿತ್ತು ಎಂದೇ ಅರ್ಥ. ಈ ದಂಪತಿಯ ಮದುವೆಯ ಉಂಗುರವೂ ಚಾಟರ್‌ಟನ್ನರ ಅಂಗಡಿಯದೇ ಎಂದು ಹೇಳಿಕೊಂಡು ಬಂದಿದ್ದಾರೆ. 1842ರ ನವೆಂಬರ್ 4ರಂದು ಮೇರಿಯ ಬೆರಳಿಗೆ ತೊಡಿಸಿದ ಆ ಉಂಗುರದ ಒಳಮೈಯಲ್ಲಿ ‘ಪ್ರೀತಿ ಶಾಶ್ವತ’ ಎಂಬ ಅರ್ಥದ ಮಾತನ್ನು ಕೆತ್ತಿಸಲಾಗಿತ್ತು. ಉಂಗುರದ ಒಳಗಿನ ಬರಹವನ್ನು ಒಡೆಯರೇ ಹೇಳಿ ಬರೆಸಿದರು, ವಾಚಿನ ಒಳಗಿನ ಬರಹ ಒಡೆಯರ ಅರಿವಿಗೇ ಬಾರದೆ ಸೇರಿತು. ನನ್ನ ನೋಟ್‌ಬುಕ್ಕಿನಲ್ಲಿ ಇವೆರಡನ್ನೂ ನಾನು ಒಂದೇ ಪುಟದಲ್ಲಿ ಬರೆದಿದ್ದೇನೆ.

1861ರ ಏಪ್ರಿಲ್‌ನಲ್ಲಿ ಆ ವಾಚು ವಾಷಿಂಗ್‌ಟನ್ನಿನ ಪೆನ್ಸಿಲ್ವೇನಿಯಾ ಅವೆನ್ಯೂದಲ್ಲಿದ್ದ ಗಾಲ್ಟ್ ಅಂಗಡಿಗೆ ರಿಪೇರಿಗೆ ಬಂದಿತ್ತು. ಅದು ಜೊನಾಥನ್ ಡಿಲನ್ ಎಂಬ ಐರಿಷ್ ವಲಸಿಗ ವಾಚ್‌ಮೇಕರ್‌ನ ಮೇಜಿನ ಮೇಲಿದ್ದಾಗಲೇ ದಕ್ಷಿಣದ ಬಂಡುಕೋರರು ಫೋರ್ಟ್ ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿಸಿದ ಸುದ್ದಿ ಬಂತು. ಅಮೆರಿಕದ ಅಂತರ್ಯುದ್ಧ ಶುರುವಾದದ್ದು ಅಲ್ಲಿಂದಲೇ. ಆತ ಡಯಲನ್ನು ಎತ್ತಿ, ಕೆಳಗಿನ ಹಿತ್ತಾಳೆ ಪ್ಲೇಟಿನ ಮೇಲೆ ನಾಲ್ಕು ಮಾತು ಗೀರಿ, ಡಯಲನ್ನು ಮತ್ತೆ ಕೂರಿಸಿದ. 1906ರಲ್ಲಿ, 84ರ ವಯಸ್ಸಿನಲ್ಲಿ, ಆತ ಈ ಸಂಗತಿಯನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ತಿಳಿಸಿದ. ಮೊದಲ ಗುಂಡು ಹಾರಿತು, ಗುಲಾಮಗಿರಿ ಸತ್ತಿತು, ಪ್ರಯತ್ನವನ್ನಾದರೂ ಮಾಡುವ ಅಧ್ಯಕ್ಷರು ನಮಗಿದ್ದಾರಲ್ಲ, ದೇವರು ದೊಡ್ಡವನು ಎಂದು ತಾನು ಬರೆದಿದ್ದಾಗಿ ಆತನಿಗೆ ನೆನಪಿತ್ತು. ಆತನ ವಂಶದವರೊಬ್ಬರು ಕೇಳಿಕೊಂಡ ಮೇಲೆ, 2009ರ ಮಾರ್ಚ್ 10ರಂದು, ವಾಷಿಂಗ್‌ಟನ್ನಿನ ಅಮೆರಿಕನ್ ಇತಿಹಾಸದ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಜಾರ್ಜ್ ಥಾಮಸ್ ಎಂಬ ನುರಿತ ವಾಚ್‌ಮೇಕರ್ ಆ ವಾಚನ್ನು ತೆರೆದರು. ಬರಹ ಇದ್ದದ್ದು ನಿಜ. ಆದರೆ ಅದರಲ್ಲಿ ಗುಲಾಮಗಿರಿಯ ಮಾತೇ ಇರಲಿಲ್ಲ, ಅಧ್ಯಕ್ಷರ ಮಾತೂ ಇರಲಿಲ್ಲ. ಮೇಲಿನ ದಿನಾಂಕದಂದು ಬಂಡುಕೋರರು ಕೋಟೆಯ ಮೇಲೆ ದಾಳಿ ಮಾಡಿದರು, ನಮಗೊಂದು ಸರ್ಕಾರವಿದೆಯಲ್ಲ, ದೇವರು ದೊಡ್ಡವನು ಎಂದಷ್ಟೇ ಇತ್ತು. ಆತ ಹಾಕಿದ ತಾರೀಖು ಏಪ್ರಿಲ್ 13, ದಾಳಿ ಆರಂಭವಾದದ್ದು 12ರಂದು. ಕೋಟೆಯ ಹೆಸರಿನಲ್ಲೂ ಒಂದು ಅಕ್ಷರ ಹೆಚ್ಚಾಗಿತ್ತು.

ಈ ವ್ಯತ್ಯಾಸವನ್ನು ಮುದುಕನ ಉತ್ಪ್ರೇಕ್ಷೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. 45 ವರ್ಷಗಳಲ್ಲಿ ಯುದ್ಧ ಮುಗಿದು, ಗುಲಾಮಗಿರಿ ರದ್ದಾಗಿ, ಲಿಂಕನ್ ಹತ್ಯೆಯಾಗಿ, ಆ ದಿನದ ಅರ್ಥ ದೊಡ್ಡದಾಗಿತ್ತು. ಆತನ ನೆನಪಿನಲ್ಲಿ ಅಕ್ಷರಗಳೂ ಅದರ ಜೊತೆಗೇ ಬೆಳೆದವು. ಹಿತ್ತಾಳೆಯ ಮೇಲಿನ ಗೀರು ಮಾತ್ರ ಆ ದಿನ ಆತನಿಗೆ ತಿಳಿದಿದ್ದಷ್ಟನ್ನೇ ಹೇಳುತ್ತದೆ. ಅದೇ ವಾಚಿನಲ್ಲಿ 1864ರ ಸೆಪ್ಟೆಂಬರ್ ಎಂದು ತಾರೀಖು ಹಾಕಿದ ಇನ್ನೊಬ್ಬನ ಸಹಿಯೂ, ಬಂಡುಕೋರರ ಅಧ್ಯಕ್ಷ ಜೆಫ್ ಡೇವಿಸ್‌ನ ಹೆಸರೂ ಇವೆ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೆಲಸ ಕಲಿತ ಹೊಸದರಲ್ಲಿ ಒಬ್ಬ ಹಿರಿಯರು ತಮ್ಮ ತಂದೆಯ ಬೆಳ್ಳಿ ವಾಚನ್ನು ತಂದುಕೊಟ್ಟಿದ್ದರು. ಹೊಸದರಂತೆ ಮಾಡಿಕೊಡಬೇಕೆಂಬ ಉತ್ಸಾಹದಲ್ಲಿ ನಾನು ಮುಚ್ಚಳದ ಒಳಬದಿಯನ್ನೂ ಪಾಲಿಶ್ ಹಾಕಿ ಕನ್ನಡಿಯಂತೆ ಹೊಳೆಯಿಸಿದ್ದೆ. ಅವರು ಬಂದು ಮುಚ್ಚಳ ತೆರೆದು ಬಹಳ ಹೊತ್ತು ನೋಡಿ, “ಇಲ್ಲಿ ನಮ್ಮ ತಾಯಿಯ ಹೆಸರಿತ್ತಲ್ಲಪ್ಪ” ಎಂದರು. ನಾನು ಅದನ್ನು ಹಳೆಯ ರಿಪೇರಿ ಗೀರು ಎಂದುಕೊಂಡು ಉಜ್ಜಿಬಿಟ್ಟಿದ್ದೆ. ಅವರು ಬೈಯಲಿಲ್ಲ, ಕೂಲಿ ಕೊಟ್ಟು ಹೋದರು. ಅಂದಿನಿಂದ ಒಳಬದಿಗೆ ಪಾಲಿಶ್ ಮುಟ್ಟಿಸುತ್ತಿರಲಿಲ್ಲವಾದರೂ, ಏನನ್ನು ಉಳಿಸಬೇಕು, ಹೇಗೆ ದಾಖಲಿಸಬೇಕು ಎಂಬ ಕ್ರಮ ನನ್ನಲ್ಲಿ ಇರಲಿಲ್ಲ.

ಲಿಂಕನ್ನರ ವಾಚಿನ ಕಥೆ ಓದಿದ ಮೇಲೆ ರೂಢಿಸಿಕೊಂಡ ಆ ಕ್ರಮವನ್ನು ಮೊದಲ ಬಾರಿಗೆ ಪೂರ್ತಿಯಾಗಿ ಅನುಸರಿಸಿದ್ದು ಕೆಲವು ವರ್ಷಗಳ ಹಿಂದೆ ಮಲೆನಾಡಿನ ಕಾಫಿ ತೋಟದ ಮನೆಯೊಂದರಿಂದ ಬಂದ ಲಿವರ್‌ಪೂಲ್ ವಾಚಿನಲ್ಲಿ. ಲಿಂಕನ್ನರ ವಾಚು ಹುಟ್ಟಿದ ಊರಿನದೇ ಕೀಲಿ ಕೊಡುವ ವಾಚು. ಮೊದಲು ಅದನ್ನು ಬಂದ ಸ್ಥಿತಿಯಲ್ಲೇ, ಧೂಳಿನ ಸಮೇತ, ಎಲ್ಲ ಬದಿಯಿಂದ ಫೋಟೋ ತೆಗೆದೆ. ಈ ಬಗೆಯ ವಾಚಿನಲ್ಲಿ ಗಾಜಿನ ಚೌಕಟ್ಟನ್ನು ಎತ್ತಿ, ಆರು ಗಂಟೆಯ ಬಳಿ ಇರುವ ಸಣ್ಣ ಕೊಂಡಿಯನ್ನು ಉಗುರಿನಿಂದ ಒತ್ತಿದರೆ, ಇಡೀ ಯಂತ್ರ ಬಾಗಿಲಿನಂತೆ ಹೊರಕ್ಕೆ ತಿರುಗುತ್ತದೆ. ಹಿಂದೆ ಧೂಳು ತಡೆಯುವ ಹಿತ್ತಾಳೆ ಟೊಪ್ಪಿಗೆ, ಅದನ್ನು ಹಿಡಿದಿಡಲು ಅರ್ಧಚಂದ್ರಾಕಾರದ ನೀಲಿ ಉಕ್ಕಿನ ಪಟ್ಟಿ. ಒಳಗೆ ಸ್ಪ್ರಿಂಗಿನ ಬಲ ಒಂದೇ ಸಮನಾಗಿ ಸಿಗುವಂತೆ ಮಾಡುವ, ಫ್ಯೂಸಿ ಎಂಬ ಶಂಕುವಿನಾಕಾರದ ಭಾಗ, ಅದಕ್ಕೆ ಸುತ್ತಿದ, ಸೈಕಲ್ ಚೈನಿನಂತೆಯೇ ಇದ್ದರೂ ಕುದುರೆಯ ಬಾಲದ ಕೂದಲಿಗಿಂತ ತುಸುವೇ ದಪ್ಪನೆಯ ಸರಪಣಿ. ಸ್ಪ್ರಿಂಗಿನ ಬಲವನ್ನು ಪೂರ್ತಿ ಇಳಿಸದೆ ಬಿಚ್ಚಿದರೆ ಈ ಸರಪಣಿ ತುಂಡಾಗುವುದು ಖಂಡಿತ. ಆದ್ದರಿಂದ ಕೀಲಿಯನ್ನು ಗಟ್ಟಿಯಾಗಿ ಹಿಡಿದು, ತಡೆಯನ್ನು ಸರಿಸಿ, ಒಂದೊಂದೇ ಹಲ್ಲಿನಷ್ಟು ಬಲ ಬಿಟ್ಟುಕೊಟ್ಟೆ.

ಮುಳ್ಳುಗಳನ್ನು ತೆಗೆಯುವಾಗ ಎನಾಮಲ್ ಡಯಲಿನ ಮೇಲೆ ತೆಳು ಕಾಗದ ಹಾಸಿದೆ. ಡಯಲಿನ ತಾಮ್ರದ ಕಾಲುಗಳಿಗೆ ಚುಚ್ಚಿದ ಸಣ್ಣ ಪಿನ್ನುಗಳನ್ನು ಎಳೆದು ಡಯಲನ್ನು ಎತ್ತಿದ ಮೇಲೆ, ಅಂಗಡಿಯ ದೊಡ್ಡ ದೀಪ ಆರಿಸಿ, ಮೇಜಿನ ದೀಪವನ್ನು ಪ್ಲೇಟಿನ ಮಟ್ಟಕ್ಕೆ ಇಳಿಸಿ, ಬೆಳಕು ಪಕ್ಕದಿಂದ ಸವರಿಕೊಂಡು ಹೋಗುವಂತೆ ಮಾಡಿದೆ. ನೇರ ಬೆಳಕಿನಲ್ಲಿ ಬರೀ ಹಳದಿಯಾಗಿ ಕಾಣುತ್ತಿದ್ದ ಹಿತ್ತಾಳೆಯ ಮೇಲೆ ನಾಲ್ಕು ಗುರುತುಗಳು ಎದ್ದವು: ಮೂರು ಇಂಗ್ಲಿಷ್ ಸಹಿಗಳು, ಒಂದು ಕನ್ನಡದ ‘ವೆಂ’. ದೀಪವನ್ನು ಸುತ್ತಲೂ ತಿರುಗಿಸುತ್ತ ಎಂಟು ಫೋಟೋ ತೆಗೆದ ಮೇಲೆಯೇ ತೊಳೆಯಲು ಕೈಹಾಕಿದೆ. ಹಿತ್ತಾಳೆ ಪಾಲಿಶ್ ಮುಟ್ಟಲಿಲ್ಲ. ಬೆಂಜೀನ್ ಮತ್ತು ಮೃದುವಾದ ಬ್ರಷ್ಷಿನಿಂದ ಗಟ್ಟಿಯಾದ ಹಳೆಯ ಎಣ್ಣೆಯನ್ನು ಮಾತ್ರ ಬಿಡಿಸಿದೆ.

ಈ ವಾಚಿನ ಗಂಟೆ ಮುಳ್ಳು ಎಂದೋ ಮುರಿದು, ಯಾರೋ ಅದಕ್ಕೆ ಸೀಸದ ಬೆಸುಗೆ ಹಾಕಿದ್ದರು. ಒರಟಾದ ಬೆಸುಗೆ. ಮೊದಲಿನ ನಾನಾಗಿದ್ದರೆ ಹೊಸ ಮುಳ್ಳು ಹಾಕಿಬಿಡುತ್ತಿದ್ದೆ. ಆದರೆ ಲಿಂಕನ್ ಗುಂಡೇಟು ತಿಂದ ರಾತ್ರಿ ಅವರ ಜೇಬಿನಲ್ಲಿದ್ದ ವಸ್ತುಗಳ ಪೈಕಿ ಒಂದು ಕನ್ನಡಕ ನನ್ನ ಕಣ್ಣ ಮುಂದೆ ಬಂತು. ಆ ವಸ್ತುಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ: ಎರಡು ಕನ್ನಡಕ, ಗಾಜು ಒರೆಸುವ ಸಾಧನ, ಮಡಚುವ ಚಾಕು, ಕರವಸ್ತ್ರ, ತೋಳಿನ ಒಂದು ಗುಂಡಿ, ಬಂಡಾಯದ ಸರ್ಕಾರದ ಐದು ಡಾಲರ್ ನೋಟಿದ್ದ ಚರ್ಮದ ಪರ್ಸು, ಪತ್ರಿಕೆಗಳಿಂದ ಕತ್ತರಿಸಿದ ಒಂಬತ್ತು ತುಣುಕು. ವಾಚಿಗೆ ತೂಗುವ ಪದಕ ಅಲ್ಲಿದೆ, ವಾಚು ಇಲ್ಲ. ಒಂದು ಕನ್ನಡಕದ ಕಡ್ಡಿ ಸಡಿಲವಾದಾಗ ಲಿಂಕನ್ ದಾರ ಸುತ್ತಿ ಕಟ್ಟಿದ್ದರು, ಆ ದಾರ ಇಂದಿಗೂ ಹಾಗೆಯೇ ಇದೆ. ಆ ದಾರವನ್ನು ಬಿಚ್ಚಿ ಹೊಸ ಸ್ಕ್ರೂ ಹಾಕಿದ್ದರೆ ಕನ್ನಡಕ ಸರಿಹೋಗುತ್ತಿತ್ತು, ಆ ಮನುಷ್ಯನ ಕೈ ಮಾತ್ರ ಅಲ್ಲಿಂದ ಕಳೆದುಹೋಗುತ್ತಿತ್ತು. ನಾನು ಬೆಸುಗೆಯ ಮುಳ್ಳನ್ನು ಹಾಗೆಯೇ ಬಿಟ್ಟೆ.

ಆ ಜೇಬಿನ ವಸ್ತುಗಳನ್ನು ಲಿಂಕನ್ನರ ಮೊಮ್ಮಗಳು 1937ರಲ್ಲಿ ಲೈಬ್ರರಿಗೆ ಕೊಟ್ಟರು, 1976ರಲ್ಲಿ ಅವು ಸಾರ್ವಜನಿಕರ ಮುಂದೆ ಬಂದವು. ಚಿನ್ನದ ವಾಚನ್ನು ಮರಿಮಗ 1958ರಲ್ಲಿ ಮ್ಯೂಸಿಯಂಗೆ ಕೊಟ್ಟರು. ಯಾರ ಕೈಯಿಂದ ಯಾರ ಕೈಗೆ ಬಂತೆಂಬ ಎಳೆ ಕಡಿಯಲಿಲ್ಲ. ಮೇರಿಯ ವಿಷಯದಲ್ಲಿ ಹಾಗಾಗಲಿಲ್ಲ. 1862ರಲ್ಲಿ ಟಿಫನಿ ಎಂಬ ಒಡವೆ ಅಂಗಡಿಯಿಂದ 530 ಡಾಲರಿಗೆ ಕೊಂಡ ಸಣ್ಣ ಮುತ್ತಿನ ಹಾರ ಮತ್ತು ಬಳೆಗಳು ಲೈಬ್ರರಿ ಆಫ್ ಕಾಂಗ್ರೆಸ್ ಸೇರಿ ಉಳಿದವು. ಆದರೆ 1867ರಲ್ಲಿ, ಕೈಯಲ್ಲಿ ಹಣವಿಲ್ಲವೆಂಬ ಭಯ ಆವರಿಸಿದಾಗ, ಆಕೆ ನ್ಯೂಯಾರ್ಕಿಗೆ ಹೋಗಿ, ಹಿಂದೆ ಗುಲಾಮಳಾಗಿದ್ದ ತನ್ನ ಉಡುಪಿನ ದರ್ಜಿ ಎಲಿಜಬೆತ್ ಕೆಕ್ಲಿಯ ನೆರವಿನಿಂದ, ಬೇರೆ ಹೆಸರಿನಲ್ಲಿ ಬಟ್ಟೆ, ಒಡವೆಗಳನ್ನು ಮಾರಲು ಯತ್ನಿಸಿದರು. ವ್ಯಾಪಾರ ಕುದುರಲಿಲ್ಲ, ಪತ್ರಿಕೆಗಳು ಬಾಯಿಗೆ ಬಂದಂತೆ ಬರೆದವು. ಗಂಡನನ್ನೂ ಮಗ ವಿಲ್ಲಿಯನ್ನೂ ಕಳೆದುಕೊಂಡು, 1882ರಲ್ಲಿ ಸಾಯುವವರೆಗೆ ಕಪ್ಪು ಬಟ್ಟೆಯಲ್ಲೇ ಉಳಿದ ಹೆಂಗಸಿನ ಬಗ್ಗೆ ಆ ಪತ್ರಿಕೆಗಳು ತೋರಿದ ನಿರ್ದಯತೆ ನನಗೆ ಈಗಲೂ ನೋವು ತರುತ್ತದೆ.

ಅದಕ್ಕಾಗಿಯೇ ವಾಚು ತಂದವರನ್ನು ಈಗ ನಾನು ಕೂರಿಸಿ ಕೇಳುತ್ತೇನೆ: ಇದನ್ನು ಕೊಂಡವರು ಯಾರು, ಅವರ ಹೆಂಡತಿಯ ವಸ್ತು ಯಾವುದಾದರೂ ಜೊತೆಗಿದೆಯೇ, ನಿಮಗೆ ಕೊಟ್ಟವರು ಯಾರು. ಅವರು ಹೇಳಿದ್ದನ್ನು ಒಂದು ಹಾಳೆಯಲ್ಲಿ, ಒಳಗೆ ಕಂಡ ಗುರುತುಗಳನ್ನು ಬೇರೆ ಹಾಳೆಯಲ್ಲಿ ಬರೆಯುತ್ತೇನೆ. ಎರಡೂ ಹೊಂದದಿದ್ದರೆ ತಿದ್ದಲು ಹೋಗುವುದಿಲ್ಲ. ಮಲೆನಾಡಿನ ವಾಚನ್ನು ಹಿಂತಿರುಗಿಸಿದ ದಿನ ಆ ಮನೆಯ ಅಜ್ಜಿ ‘ವೆಂ’ ಎಂಬ ಗುರುತಿನ ಫೋಟೋವನ್ನು ಕೈಗೆತ್ತಿಕೊಂಡು, ಅದು ತಮ್ಮ ಮಾವನವರ ಅಕ್ಷರ ಎಂದರು. ಅದು ರಿಪೇರಿಯವನೊಬ್ಬನ ಗುರುತೆಂದು ನಾನು ಬರೆದಿದ್ದೆ. ಅಜ್ಜಿಯ ಮಾತನ್ನು ಅವರ ಹೆಸರಿನೊಂದಿಗೆ ಮೊದಲ ಹಾಳೆಯಲ್ಲಿ ಸೇರಿಸಿ, ನನ್ನದನ್ನು ಎರಡನೆಯದರಲ್ಲಿ ಹಾಗೆಯೇ ಉಳಿಸಿ, ಎರಡನ್ನೂ ಮಡಚಿ ವಾಚಿನ ಪೆಟ್ಟಿಗೆಯಲ್ಲಿ ಇಟ್ಟುಕೊಟ್ಟೆ.